ಧರ್ಮಶಾಲೆಯ ಇಸವಿ

ವಸುಧಾ ಕುಲಕರ್ಣಿಯವರ ಕೆಂಪು ಶಾಯಿಗೆ ಇತಿಹಾಸ ವಿಭಾಗದ ವಿದ್ಯಾರ್ಥಿಗಳೆಲ್ಲ ಹೆದರುತ್ತಿದ್ದರು. ಧಾರವಾಡದಿಂದ ಮದುವೆಯಾಗಿ ನಾಗಪುರಕ್ಕೆ ಬಂದು ಇಪ್ಪತ್ತಾರು ವರ್ಷ, ಕಾಲೇಜಿನಲ್ಲಿ ಪಾಠ ಹೇಳತೊಡಗಿ ಇಪ್ಪತ್ತೆರಡು. ಯಾರು ಬೇಕಾದರೂ ತಿದ್ದಬಹುದಾದ ಅಂತರಜಾಲದ ವಿಶ್ವಕೋಶವನ್ನು ಅಡಿಟಿಪ್ಪಣಿಯಲ್ಲಿ ಕಂಡರೆ ಅವರು ಇಡೀ ಪುಟಕ್ಕೆ ಅಡ್ಡಗೆರೆ ಎಳೆದು ವಾಪಸು ಕೊಡುತ್ತಿದ್ದರು. ಕಾರಣ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಎದುರು ಮಾತಾಡಿದವಳು ಯಶಿಕಾ ಒಬ್ಬಳೇ. ವಾಯುಸೇನೆಯಲ್ಲಿದ್ದ ಮೈಸೂರಿನವರೊಬ್ಬರ ಮಗಳು, ಎಂ.ಎ. ಎರಡನೆಯ ವರ್ಷ. ಕನ್ಹಾನ್ ನದಿಯ ದಂಡೆಯ ಮೇಲಿರುವ ಹಳೆಯ ಧರ್ಮಶಾಲೆಯೊಂದರ ಬಗ್ಗೆ ಪ್ರಬಂಧ ಬರೆದಿದ್ದಳು. ಅದನ್ನು ಕಟ್ಟಿಸಿದ್ದು 1871ರಲ್ಲಿ ಎಂದು ಅದರಲ್ಲಿತ್ತು.

“1736,” ಎಂದರು ವಸುಧಾ. “ಹದಿಮೂರು ವರ್ಷದ ಹಿಂದ ಇದರ ಮ್ಯಾಲೆ ನಾನೇ ಲೇಖನ ಬರದೀನಿ. ಓದಿಲ್ಲೇನು?”

“ಓದಿದೀನಿ ಮ್ಯಾಮ್. ಆದ್ರೆ ವಿಕಿಲಿ ಬೇರೆ ಇದೆ. ನಂಗೆ ಅದೇ ಬರೋಬರ್ ಅನ್ನಿಸ್ತು.”

“ಯಾರೋ ಕೆಲಸ ಇಲ್ಲದವರು ಬರದದ್ದು ಬರೋಬರ್, ನಾ ಬರದದ್ದು ತಪ್ಪು?”

ಹುಡುಗಿಯ ಮುಖ ಕೆಂಪಾಯಿತು, ಆದರೆ ಹಿಂದೆ ಸರಿಯಲಿಲ್ಲ. “ಬರೀ ಲೇಖನ ಅಲ್ಲ ಮ್ಯಾಮ್, ಅದರ ಚರ್ಚೆ ಪುಟ ಒಂದ್ಸಲ ನೋಡಿ. ಅಲ್ಲಿ ನಿಮ್ಮ ಹೆಸರಿದೆ.”

ತರಗತಿಯಿಲ್ಲದ ಆ ಮಧ್ಯಾಹ್ನ ವಸುಧಾ ಸಿಟ್ಟಿನಿಂದಲೇ ಪುಟ ತೆರೆದರು. ಮರಾಠಿಯಲ್ಲಿದ್ದ ಲೇಖನ ದೊಡ್ಡದೇನಲ್ಲ. ಆದರೆ ಅದರ ಹಿಂದೆ ಒಂದು ಲೋಕವೇ ಇತ್ತು. ಯಾರು ಯಾವ ದಿನ ಯಾವ ಸಾಲು ಸೇರಿಸಿದರು, ಯಾರು ಅಳಿಸಿದರು, ಏಕೆ ಅಳಿಸಿದರು ಎಂಬುದೆಲ್ಲ ಒಂದೂ ಬಿಡದೆ ದಾಖಲಾಗಿತ್ತು. ರಾಣಿಯೊಬ್ಬಳು ಇಲ್ಲಿ ತಂಗಿದ್ದಳು ಎಂಬ ಮಾತನ್ನು ಹೆಸರಿಲ್ಲದ ಯಾರೋ ಐದು ಸಲ ಬರೆದಿದ್ದರು. ‘ಕನ್ಹಾನ್‌ಕರ್’ ಎಂದು ಹೆಸರಿಟ್ಟುಕೊಂಡವರೊಬ್ಬರು ಐದೂ ಸಲ ತೆಗೆದು, ಪ್ರತಿ ಸಲವೂ ಒಂದೇ ಸೌಜನ್ಯದಿಂದ “ಎಲ್ಲಿ ಓದಿದಿರಿ, ದಯವಿಟ್ಟು ತಿಳಿಸಿ” ಎಂದು ಬರೆದಿದ್ದರು.

ಚರ್ಚೆಯ ಪುಟದಲ್ಲಿ ಅದೇ ಕನ್ಹಾನ್‌ಕರ್ ವಸುಧಾರ ಲೇಖನದ ಬಗ್ಗೆ ಬರೆದದ್ದಿತ್ತು. ಧರ್ಮಶಾಲೆಯ ಶಾಸನದಲ್ಲಿರುವ ವರ್ಷ 1793 ಎಂದು ಹಳೆಯ ಸಮೀಕ್ಷಾ ವರದಿಯೊಂದು ಹೇಳುತ್ತದೆ. ಕಟ್ಟಿಸಿದವನು ಮಾರವಾಡಿ ವ್ಯಾಪಾರಿಯಾದ್ದರಿಂದ ಅದು ಉತ್ತರದವರ ವಿಕ್ರಮ ಸಂವತ್ ಇರಬೇಕೆಂದು ಲೇಖಕಿ ತಿಳಿದು, ಐವತ್ತೇಳು ಕಳೆದು, ಇಸವಿ 1736 ಎಂದು ಲೆಕ್ಕ ಹಾಕಿದ್ದಾರೆ. ಆದರೆ ಅವರೇ ಆಧಾರವಾಗಿ ಕೊಟ್ಟಿರುವ ಆ ವರದಿಯ ಅನುಬಂಧದಲ್ಲಿ ಅದು ಶಕ ವರ್ಷವೆಂದಿದೆ. ಹಾಗಾದರೆ ಎಪ್ಪತ್ತೆಂಟು ಕೂಡಿಸಬೇಕು, ಇಸವಿ 1871. “ಲೇಖಕಿ ವಿದ್ವಾಂಸರು. ಅನುಬಂಧ ಅವರ ಕೈಗೆ ಸಿಕ್ಕಿರಲಿಕ್ಕಿಲ್ಲ” ಎಂದು ಕೊನೆಗೊಂದು ಮಾತು.

ಆ ಕೊನೆಯ ಮಾತು ವಸುಧಾರಿಗೆ ನಾಟಿತು. ಅನುಬಂಧ ಕೈಗೆ ಸಿಕ್ಕಿತ್ತು. ಅವರು ತೆರೆದಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಆಟೋ ಹಿಡಿದು ಸಿವಿಲ್ ಲೈನ್ಸ್‌ನ ಹಳೆಯ ಗ್ರಂಥಾಲಯಕ್ಕೆ ಹೋದರು. ವರದಿಯನ್ನು ಹೊರಗೆ ತೆಗೆಸಿದರು. ಪುಟದ ಅಂಚುಗಳು ಪುಡಿಯಾಗುತ್ತಿದ್ದವು. ಅನುಬಂಧದ ನಾಲ್ಕನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಕನ್ಹಾನ್‌ಕರ್ ಹೇಳಿದ ಹಾಗೆಯೇ ಇತ್ತು: ಶಕೆ 1793. ವಸುಧಾ ಆ ಸಾಲನ್ನು ಹಾಗೆಯೇ ತಮ್ಮ ಪುಸ್ತಕಕ್ಕೆ ಇಳಿಸಿಕೊಂಡರು. ಅವರ ಲೇಖನವನ್ನು ನಂಬಿ ಎರಡು ಪುಸ್ತಕಗಳೂ ಒಂದು ಪ್ರವಾಸಿ ಕೈಪಿಡಿಯೂ 1736 ಎಂದೇ ಅಚ್ಚು ಹಾಕಿದ್ದವು. ನೂರ ಮೂವತ್ತೈದು ವರ್ಷದ ತಪ್ಪು. ಅದನ್ನು ಯಾವ ಪ್ರೊಫೆಸರೂ ಹಿಡಿದಿರಲಿಲ್ಲ.

ನಾಚಿಕೆ ಆಯಿತು, ನಿಜ. ಆದರೆ ಅದಕ್ಕಿಂತ ದೊಡ್ಡದಾಗಿ ಮತ್ತೊಂದು ಭಾವನೆ ಎದ್ದು ಬಂತು: ಈ ಮನುಷ್ಯ ಯಾರು, ನೋಡಬೇಕು.

ಕನ್ಹಾನ್‌ಕರ್ ತಮ್ಮ ಪರಿಚಯದ ಪುಟದಲ್ಲಿ ಹೆಸರು ಹಾಕಿರಲಿಲ್ಲ. ಬಲ್ಲ ಭಾಷೆಗಳ ಪಟ್ಟಿ ಮಾತ್ರ ಇತ್ತು. ಮಾತೃಭಾಷೆ: ಕನ್ನಡ. ವಸುಧಾ ಒಂದು ಕ್ಷಣ ದಂಗಾದರು. ಆಮೇಲೆ ಅಲ್ಲಿ ಬರೆಯುವುದು ಹೇಗೆಂದು ಯಶಿಕಾಳಿಂದ ಹೇಳಿಸಿಕೊಂಡು, ಅಲ್ಲಿಯೇ ಕನ್ನಡದಲ್ಲಿ ಬರೆದರು: “ಆ ಲೇಖನ ಬರೆದವಳು ನಾನೇ. ನೀವು ಹೇಳಿದ್ದು ಸರಿ. ತಮ್ಮನ್ನು ಕಾಣಬಹುದೇ?”

ಉತ್ತರ ಮೂರು ದಿನದ ಮೇಲೆ ಬಂತು. ವಿಳಾಸ ಕನ್ಹಾನ್‌ದು, ನದಿಯ ಹೆಸರನ್ನೇ ಹೊತ್ತ ಊರು.

ಭಾನುವಾರ ವಸುಧಾ ಮತ್ತು ಯಶಿಕಾ ಬಾಗಿಲು ಬಡಿದಾಗ ತೆರೆದವರು ಅರವತ್ತು ದಾಟಿದ ಹೆಂಗಸು. ಇಳಕಲ್ ಸೀರೆ, ಮೂಗಿನ ಮೇಲೆ ಜಾರಿದ ಕನ್ನಡಕ.

“ಕನ್ಹಾನ್‌ಕರ್ ಅವರು...” ಎಂದು ವಸುಧಾ ತಡವರಿಸಿದರು.

“ನಾನs ರೀ ಮೇಡಂ, ಕಲಾವತಿ. ಬರ್ರಿ, ಒಳಗ ಬರ್ರಿ. ನೀವು ಬರ್ತೀರಂತ ನಂಬಿಕೀನ ಇರಲಿಲ್ಲ.”

ಕಲಾವತಿ ಬಾಗಲಕೋಟೆ ಕಡೆಯವರು. ಗಂಡ ಸೋಮಣ್ಣ ಸೇನೆಯ ಸುಬೇದಾರರಾಗಿ ಪಕ್ಕದ ಕಾಂಪ್ಟಿ ದಂಡಿನಲ್ಲಿ ನಿವೃತ್ತರಾದಾಗ ಇಲ್ಲೇ ಮನೆ ಮಾಡಿದ್ದರು. ಕಲಾವತಿ ಓದಿದ್ದು ಪಿಯುಸಿ. ಊರೂರು ತಿರುಗಿದ್ದರಿಂದ ಭಾಷೆಗಳು ಬಂದವು. ಮಗಳು ಕೊಡಿಸಿದ ಲ್ಯಾಪ್‌ಟಾಪಿನಲ್ಲಿ ಒಂದು ದಿನ ಕನ್ಹಾನ್ ಎಂದು ಹುಡುಕಿದರೆ ವಿಶ್ವಕೋಶದಲ್ಲಿ ನಾಲ್ಕೇ ಸಾಲು ಸಿಕ್ಕಿತು, ಅದರಲ್ಲೂ ಎರಡು ತಪ್ಪು.

“ತಿದ್ದಿದೆ ರೀ. ಮೂರ ನಿಮಿಷಕ್ಕ ಅಳಿಸಿಬಿಟ್ರು! ನಿಮಗ ಗೊತ್ತಿದ್ರ ಸಾಲೂದಿಲ್ಲ, ಎಲ್ಲಿ ಬರದೈತಿ ಅದನ್ನ ತೋರಸ್ರಿ ಅಂತ. ಒಂದ ವಾರ ಸಿಟ್ಟ ಬಂದಿತ್ತು. ಆಮ್ಯಾಲ ಅನ್ನಿಸ್ತು, ಅವ್ರು ಕೇಳಿದ್ದು ಖರೇನ ಐತಲ್ಲ. ಅವತ್ತಿಂದ ಲೈಬ್ರರಿ ಹಿಡದೆ.”

“ಬಸ್ಸಿನ್ಯಾಗ ಹೋಗಿ ಸಂಜಿಮಟ ಕುಂದರತಾಳ್ರಿ,” ಎಂದು ಸೋಮಣ್ಣ ಚಹಾದ ತಟ್ಟೆ ಇಡುತ್ತ ಹೇಳಿದರು. ದನಿಯಲ್ಲಿ ದೂರಿರಲಿಲ್ಲ, ಹೆಮ್ಮೆಯಿತ್ತು.

ವಸುಧಾ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟರು. “ಹಂಗಾದ್ರ ಆ ವಿಶ್ವಕೋಶನೆಲ್ಲಾ ನಂಬಬಹುದೇನ್ರಿ?”

“ಛೇ! ಎಲ್ಲಾ ನಂಬಬ್ಯಾಡ್ರಿ,” ಎಂದು ಕಲಾವತಿ ಕೈಯಲ್ಲಾಡಿಸಿದರು. “ಈ ಧರ್ಮಶಾಲಿ ಪುಟಾ ಗಟ್ಟಿ ಐತಿ. ಇಲ್ಲೇ ಬಾಜೂಕಿನ ಸಂತಿ ಬಗ್ಗೆನೂ ನಾನ ಬರದೀನಿ, ಅದು ಬರೇ ಎರಡು ಪೇಪರ್ ಸುದ್ದಿ ಮ್ಯಾಲೆ ನಿಂತೈತಿ, ಕಚ್ಚಾ ಐತಿ. ಯಾರೂ ಕಾಯದ ಪುಟಾನೂ ಭಾಳ ಅದಾವು. ಕೆಳಗಿನ ಟಿಪ್ಪಣಿ ನೋಡ್ರಿ, ಅದನ್ನ ಹುಡಿಕ್ಕೊಂಡ ಹೋಗ್ರಿ. ನನ್ನ ಮಾತಿಗೆ ನಿಂದರಬ್ಯಾಡ್ರಿ.”

ಯಶಿಕಾ ಪುಸ್ತಕ ತೆಗೆದು ಬರೆದುಕೊಳ್ಳುತ್ತಿದ್ದಳು. ಇಪ್ಪತ್ತೆರಡು ವರ್ಷ ತಾವು ತರಗತಿಯಲ್ಲಿ ಹೇಳಿದ್ದು ಇದನ್ನೇ ಎಂದು ವಸುಧಾರಿಗೆ ಹೊಳೆಯಿತು. ಹೇಳಿದ್ದರು, ಒಂದು ಅನುಬಂಧದ ಮಟ್ಟಿಗೆ ಮಾಡಿರಲಿಲ್ಲ.

ನಾಲ್ವರೂ ನಡೆದು ಧರ್ಮಶಾಲೆಗೆ ಹೋದರು. ಬಾಗಿಲ ಮೇಲಿನ ಶಾಸನದ ಕಲ್ಲಿಗೆ ವರ್ಷವರ್ಷವೂ ಸುಣ್ಣ ಬಳಿದು ಅಕ್ಷರ ಮುಚ್ಚಿಹೋಗಿದ್ದವಂತೆ. ನಾಲ್ಕು ವರ್ಷದ ಹಿಂದೆ ಟ್ರಸ್ಟಿನವರ ಒಪ್ಪಿಗೆ ಪಡೆದು, ಸೋಮಣ್ಣ ಏಣಿ ಹಿಡಿದು, ಕಲಾವತಿ ಒದ್ದೆ ಬಟ್ಟೆಯಲ್ಲಿ ನೆನೆಸಿ ನೆನೆಸಿ ಎರಡು ದಿನ ಒರೆಸಿದ್ದರು. ಈಗಲೂ ಸೋಮಣ್ಣ ಏಣಿ ತಂದು ಹಿಡಿದರು, ವಸುಧಾ ಹತ್ತಿದರು. ಅಂಕಿಯ ಎಡಕ್ಕೆ, ಒಂದು ಮೂಲೆಯಲ್ಲಿ, ಸ್ಪಷ್ಟವಾಗಿ ಕೊರೆದಿತ್ತು: ‘ಶಕೇ’.

“ಕಲ್ಲs ಹೇಳ್ತದಲ್ರಿ! ನಿಮ್ಮ ಪುಟದಾಗ ಇದನ್ನ ಯಾಕ ಹಾಕಲಿಲ್ಲ?”

“ಹಾಕಂಗಿಲ್ರಿ. ನಾವು ಸ್ವತಃ ಕಂಡುಹಿಡದದ್ದು ಅಲ್ಲಿ ನಡ್ಯಂಗಿಲ್ಲ. ತಿಳದವರು ಯಾರರ ಅಚ್ಚ ಹಾಕಿರಬೇಕು. ನನ್ನಂಥಾಕಿ ಲೇಖನ ಯಾರ ಹಾಕ್ತಾರ? ನಿಮಗ ಕಾಗದ ಬರೀಬೇಕಂತ ಎರಡ ಸಲ ಕುಂತೆ. ಏನ ಅಂದ್ಕೋತೀರೋ ಅಂತ ಬಿಟ್ಟೆ.”

ಏಣಿಯ ಮೇಲೆ ನಿಂತೇ ವಸುಧಾ ಕಣ್ಣು ಒರೆಸಿಕೊಂಡರು. ಕಣ್ಣಾರೆ ಕಂಡ ಸತ್ಯವನ್ನು, ನಿಯಮ ಒಪ್ಪುವುದಿಲ್ಲವೆಂದು, ಈ ಹೆಂಗಸು ನಾಲ್ಕು ವರ್ಷ ಹೊರಗೇ ಇಟ್ಟುಕೊಂಡಿದ್ದರು. ತಾವೋ ಕಾಣದ್ದನ್ನು ಒಂದೇ ಊಹೆಯಲ್ಲಿ ಅಚ್ಚು ಹಾಕಿಸಿದ್ದರು.

ಆ ತಿಂಗಳೇ ಅವರು ತಿದ್ದುಪಡಿ ಬರೆದರು. ಮೊದಲು ಪ್ರಕಟಿಸಿದ್ದ ಪತ್ರಿಕೆಯ ಸಂಪಾದಕರು ಫೋನಿನಲ್ಲಿ, “ಎರಡು ಸಾಲು ಸಾಕಲ್ಲ ಮೇಡಂ, ಕೊನೆಯ ಪುಟದಲ್ಲಿ ಹಾಕೋಣ” ಎಂದರು. ವಸುಧಾ ಒಪ್ಪಲಿಲ್ಲ. ಶಾಸನದ ಪೂರ್ತಿ ಪಾಠ, ಚಿತ್ರ, ತಮ್ಮ ತಪ್ಪು ಎಲ್ಲಿ ಹುಟ್ಟಿತು ಎಂಬ ವಿವರ, ಅದನ್ನು ಮೊದಲು ಗುರುತಿಸಿದವರು ಕಲಾವತಿ ಎಂಬ ಮಾತು, ಎಲ್ಲ ಸೇರಿ ಆರು ಪುಟವಾಯಿತು. ಕಳಿಸುವ ಮೊದಲು ಕರಡನ್ನು ಕನ್ಹಾನ್‌ಗೆ ಒಯ್ದು ಓದಿ ತೋರಿಸಿದರು. ಕಲಾವತಿ ಎರಡು ಕಡೆ ತಡೆದರು. ಎರಡೂ ಕಡೆ ಅವರದೇ ಸರಿಯಾಗಿತ್ತು.

ಸಂಚಿಕೆ ಬಂದಾಗ ವಸುಧಾ ಫೋನು ಮಾಡಿದರು. “ಇನ್ನ ಹಾಕ್ರಿ ನಿಮ್ಮ ಪುಟದಾಗ.”

“ನಾ ಹಾಕಂಗಿಲ್ರಿ ಮೇಡಂ. ಅದರಾಗ ನನ್ನ ಹೆಸರೈತಲ್ಲ. ನನ್ನನ್ನ ಹೊಗಳಿದ್ದನ್ನ ನಾನ ತಂದು ಹಾಕಿದ್ರ ಸರಿ ಅನ್ನಸಂಗಿಲ್ಲ. ಚರ್ಚಾದಾಗ ಇಟ್ಟೀನಿ. ಬ್ಯಾರೇದವ್ರು ನೋಡಿ ಹಾಕಲಿ.”

ಒಂಬತ್ತು ದಿನ ಏನೂ ಆಗಲಿಲ್ಲ. ಪಿಎಚ್‌ಡಿ ಫಲಿತಾಂಶಕ್ಕೂ ಅಷ್ಟು ಕಾದಿರದ ವಸುಧಾ ಮನೀಶ್ ನಗರದ ಮನೆಯಲ್ಲಿ ಕಾಯಿಪಲ್ಯ ಹೆಚ್ಚುತ್ತಲೂ ಮೊಬೈಲಿನಲ್ಲಿ ಆ ಪುಟ ತೆರೆದು ನೋಡುತ್ತಿದ್ದರು. ಹತ್ತನೆಯ ದಿನ ಸಾತಾರಾದ ಯಾರೋ ಅಪರಿಚಿತರು ಒಂದು ಪ್ರಶ್ನೆ ಹಾಕಿದರು: ಚಿತ್ರದಲ್ಲಿ ಎರಡನೆಯ ಸಾಲು ಮಸುಕಾಗಿದೆ, ಬೇರೆ ಚಿತ್ರವಿದೆಯೇ? ಯಶಿಕಾ ಅಂದೇ ಬೈಕಿನಲ್ಲಿ ಹೋಗಿ ತೆಗೆದು ತಂದಳು. ಎರಡು ದಿನದಲ್ಲಿ ಲೇಖನಕ್ಕೆ ಹೊಸ ಅಡಿಟಿಪ್ಪಣಿ ಸೇರಿತು. 1736ರ ಮಾತೂ ಅಲ್ಲಿಯೇ ಉಳಿಯಿತು, ಲೇಖಕಿಯೇ ಅದನ್ನು ಹಿಂತೆಗೆದುಕೊಂಡಿದ್ದಾರೆ ಎಂಬ ಟಿಪ್ಪಣಿಯ ಜೊತೆಗೆ.

ಮುಂದಿನ ವರ್ಷದ ಎಂ.ಎ. ತರಗತಿಗೆ ವಸುಧಾ ಹೊಸ ಕೆಲಸ ಕೊಟ್ಟರು. ಪ್ರತಿಯೊಬ್ಬರೂ ಮುಕ್ತ ವಿಶ್ವಕೋಶದ ಒಂದು ಪುಟ ಆರಿಸಿ, ಅದರ ಒಂದೊಂದು ಅಡಿಟಿಪ್ಪಣಿಯ ಮೂಲವನ್ನೂ ಹುಡುಕಿ, ಯಾವುದು ನಿಂತಿತು ಯಾವುದು ಬಿತ್ತು ಎಂದು ಬರೆದು ತರಬೇಕು. ಮೊದಲ ದಿನದ ಪಾಠಕ್ಕೆ ಅವರು ತಾವು ನಿಲ್ಲಲಿಲ್ಲ. ಕನ್ಹಾನ್‌ನಿಂದ ಬಂದ ಕಲಾವತಿಯವರ ಕೈಗೆ ಸೀಮೆಸುಣ್ಣ ಕೊಟ್ಟು, ವಿದ್ಯಾರ್ಥಿಗಳ ನಡುವೆ ಮೂರನೆಯ ಬೆಂಚಿನಲ್ಲಿ ಹೋಗಿ ಕುಳಿತರು.