ಕಣ್ಣಿಗೆ ಕಾಣುವ ಫ್ಯಾನ್ ಸದ್ದು

ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಬೆಳಗಾದರೆ ಮಗ್ಗಗಳದ್ದೇ ಗದ್ದಲ. ಪದ್ಮಶ್ರೀಗೆ ಮಾತ್ರ ಅದರ ಗೊಡವೆಯಿರಲಿಲ್ಲ. ಚಿಕ್ಕವಳಿದ್ದಾಗ ಬಂದ ಜ್ವರವೊಂದು ಅವಳ ಕಿವಿಯನ್ನು ಪೂರಾ ಕಸಿದುಕೊಂಡಿತ್ತು. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದಳು, ತಾನೂ ಸರಾಗವಾಗಿ ಮಾತಾಡುತ್ತಿದ್ದಳು. ಅಪ್ಪ ಗಂಗಣ್ಣನದು ಪವರ್‌ಲೂಮ್ ಶೆಡ್ಡು. ಅದರ ಹಿಂದಿನ ಕೋಣೆಯಲ್ಲಿ ಕೂತು ಸೀರೆಯ ಅಂಚು, ಸೆರಗುಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವುದು ಅವಳ ಕೆಲಸ. ಸುತ್ತಲಿನ ನೇಕಾರರೂ ಅವಳ ಡಿಸೈನಿಗೆ ಕಾಯುತ್ತಿದ್ದರು.

ಬೇಸಿಗೆ ಕಾಲಿಟ್ಟದ್ದೇ ತಡ, ಕಂಪ್ಯೂಟರು ಕೆಲಸದ ನಡುವೆ ಆರಿಹೋಗತೊಡಗಿತು. ಮದುವೆ ಸೀರೆಗೆಂದು ಬಿಡಿಸುತ್ತಿದ್ದ ಗಂಡಭೇರುಂಡದ ಸೆರಗು ಎರಡು ಸಲ ಅರ್ಧಕ್ಕೇ ಅಳಿಸಿಹೋಯಿತು. ರಿಪೇರಿ ಅಂಗಡಿಯ ಮಂಜೇಶ್ ಬಂದು ಬಿಚ್ಚಿ ನೋಡಿದರೆ, ಕಿಟಕಿಯಿಂದ ಬಂದ ನೂಲಿನ ಜುಂಗು ಒಳಗಿನ ಫ್ಯಾನಿಗೆ ಸುತ್ತಿಕೊಂಡಿತ್ತು.

"ಫ್ಯಾನ್ ನಿಂತ್ರೆ ಕಾದ್ಬಿಟ್ಟು ತಾನೇ ಆಫ್ ಆಗತ್ತೆ ಅಕ್ಕ. ಸದ್ದು ಬದಲಾಗಿದ್ದು ಕೇಳಿದ ತಕ್ಷಣ ನೀವು..." ಎಂದವನು ಅಲ್ಲಿಗೇ ನಿಲ್ಲಿಸಿದ.

"ಪರ್ವಾಗಿಲ್ಲ, ಹೇಳಪ್ಪ," ಎಂದು ಪದ್ಮಶ್ರೀ ನಕ್ಕಳು. ಒಳಗೊಳಗೇ ಮನಸ್ಸು ಮುದುಡಿತು. ಕಿವಿಯ ದೆಸೆಯಿಂದ ಅವಳ ಕೆಲಸ ಕೆಟ್ಟದ್ದು ಅದೇ ಮೊದಲು.

ಮಂಜೇಶನಿಗೆ ತಾನಾಡಿದ ಆ ಅರ್ಧ ಮಾತು ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಕಂಪ್ಯೂಟರಿನ ಬೋರ್ಡಿನ ಮೇಲೊಂದು ಪುಟ್ಟ ಚಿಪ್ ಇದೆ. ಒಳಗಿನ ಬಿಸಿ, ವೋಲ್ಟೇಜು, ಫ್ಯಾನಿನ ವೇಗವನ್ನು ಅದು ಅಳೆಯುತ್ತಲೇ ಇರುತ್ತದೆ. ಅಳೆದದ್ದನ್ನು ಪರದೆಗೆ ತರಲು ಡ್ರೈವರ್ ಎಂಬ ಪ್ರೋಗ್ರಾಮ್ ಬೇಕು. ಪದ್ಮಶ್ರೀಯ ಕಂಪ್ಯೂಟರಿನ ಚಿಪ್‌ಗೆ ಹೊಂದುವ ಡ್ರೈವರೇ ಇರಲಿಲ್ಲ. ಇಂಥವನ್ನು ಬರೆಯುವವರು ಸೇರುವ ವೆಬ್‌ಸೈಟಿನಲ್ಲಿ ಅವನು ಸಹಾಯ ಕೇಳಿದ. ಯಾರಿಗೆ, ಯಾಕೆ ಬೇಕು ಎಂಬುದನ್ನೂ ಬರೆದ.

ಉತ್ತರ ಬಂದದ್ದು ಸಂಘಮಿತ್ರ ಎಂಬವಳಿಂದ. ಇದ್ದದ್ದು ದೇವನಹಳ್ಳಿಯಲ್ಲಿ, ತನ್ನ ನೌಕರಿ ಮುಗಿಸಿ ಬಿಡುವಿನಲ್ಲಿ ಈ ಕೆಲಸ ಮಾಡುತ್ತಿದ್ದಳು. ಚಿಪ್‌ನ ಫೋಟೊ ತರಿಸಿಕೊಂಡಳು. ಅವಳು ಮೊದಲು ಕಳಿಸಿದ ಡ್ರೈವರು ವೋಲ್ಟೇಜನ್ನು ತಪ್ಪಾಗಿ ತೋರಿಸಿತು. ಮಂಜೇಶ್ ಮೀಟರ್ ಹಿಡಿದು ಅಳೆದು ತಿಳಿಸಿದ, ಅವಳು ತಿದ್ದಿದಳು. ಮುಂದಿನ ಸಲ ಎಲ್ಲ ಅಂಕಿಗಳೂ ಸರಿಯಾಗಿ ಬಂದವು. ಜೊತೆಗೆ, ಯಾರೂ ಕೇಳದಿದ್ದರೂ, ಇನ್ನೊಂದನ್ನು ಸೇರಿಸಿದ್ದಳು: ಫ್ಯಾನಿನ ವೇಗ ಕುಸಿದರೆ ಪರದೆಯ ಸುತ್ತ ಕೆಂಪು ಪಟ್ಟಿ ಮೂಡುತ್ತಿತ್ತು.

ಮಾರನೆಯ ವಾರ ಗಂಡಭೇರುಂಡದ ರೆಕ್ಕೆ ತುಂಬುತ್ತಿದ್ದಾಗ ಆ ಪಟ್ಟಿ ಮೂಡಿಯೇಬಿಟ್ಟಿತು. ಪದ್ಮಶ್ರೀ ಕೆಲಸವನ್ನು ಉಳಿಸಿ, ಕಂಪ್ಯೂಟರ್ ಆರಿಸಿ, ಮುಚ್ಚಳ ತೆಗೆದು ಜುಂಗನ್ನು ತಾನೇ ಬಿಡಿಸಿ ಹಾಕಿದಳು. ಮತ್ತೆ ಹಚ್ಚಿದಾಗ ಸೆರಗು ಒಂದೆಳೆಯೂ ಕೆಡದೆ ಹಾಗೆಯೇ ಇತ್ತು. ಅವಳ ಕಣ್ಣು ತುಂಬಿಬಂತು.

ಸೆರಗು ಮಗ್ಗಕ್ಕೇರಿದ ದಿನ ಪದ್ಮಶ್ರೀ ಹಟ ಹಿಡಿದು ಸಂಘಮಿತ್ರಳನ್ನು ಮನೆಗೆ ಕರೆಸಿದಳು. ಬಂದವಳು ಬೆಳಕಿಗೆ ಮುಖ ಮಾಡಿ, ತುಟಿ ಕಾಣುವ ಹಾಗೆ ಕೂತಳು.

"ನಿಮ್ ಋಣ ಹೆಂಗೆ ತೀರ್ಸ್ಲಮ್ಮ?" ಎಂದಳು ಪದ್ಮಶ್ರೀ.

"ನಾನೊಬ್ಳೇ ಬರ್ದಿದ್ದಲ್ಲ ಅಕ್ಕ. ಎಲ್ಲೆಲ್ಲೋ ಇರೋರು ಬೇರೆ ಚಿಪ್‌ಗಳಿಗೆ ಬರ್ದಿಟ್ಟಿದ್ರು, ನಾನು ಅದಕ್ಕೆ ನಿಮ್ ಚಿಪ್ ಸೇರ್ಸ್ದೆ ಅಷ್ಟೆ. ಅದನ್ನ ಯಾರು ಬಳಸ್ತಾರೆ ಅಂತ ನಮಗೆ ಗೊತ್ತೇ ಆಗಲ್ಲ. ಇವತ್ತು ಕಣ್ಣಾರೆ ನೋಡ್ದೆ. ನಾನೇ ನಿಮಗೆ ಥ್ಯಾಂಕ್ಸ್ ಹೇಳ್ಬೇಕು."

ಹೆಸರೂ ಗೊತ್ತಿಲ್ಲದ ಅಷ್ಟು ಜನ ತನಗಾಗಿ ದುಡಿದಿದ್ದಾರೆ ಎಂಬುದನ್ನು ಪದ್ಮಶ್ರೀ ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಅವಳು ಸಂಘಮಿತ್ರಳ ಕೈಹಿಡಿದು ಶೆಡ್ಡಿಗೆ ಕರೆದೊಯ್ದು, ಓಡುತ್ತಿದ್ದ ಮಗ್ಗದ ಚೌಕಟ್ಟಿನ ಮೇಲೆ ಅವಳ ಅಂಗೈಯನ್ನು ಇರಿಸಿದಳು. ಮಗ್ಗದ ಕಂಪನ ಕೈಗೆ ತಾಗಿತು.

"ನಂಗೆ ಮಗ್ಗ ಹಿಂಗೆ ಕೇಳ್ಸೋದು," ಎಂದಳು.

ಕಣ್ಣೆದುರಿಗೆ ಗಂಡಭೇರುಂಡದ ರೆಕ್ಕೆ ಎಳೆಯೆಳೆಯಾಗಿ ಮೂಡಿಬರುತ್ತಿತ್ತು. ಗಂಗಣ್ಣ ಬಾಗಿಲಲ್ಲಿ ನಿಂತು, ಊಟಕ್ಕೆ ಎಲೆ ಹಾಕಿದೆ ಎಂದು ಇಬ್ಬರಿಗೂ ಕೈಸನ್ನೆ ಮಾಡಿದ.