ಮೇಸ್ತ್ರಿಯ ಕೆಮ್ಮು

ಹೊಲಿಗೆ ಕಾರ್ಖಾನೆಯಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುವ ಆಕೆಗೆ ಈಗ ಬಡ್ತಿ. ಗಾಜಿನ ಕೋಣೆಯಲ್ಲಿ ಕೂತು, ಹೊಲಿಯುವ ಹುಡುಗಿಯರನ್ನು ಕ್ಯಾಮೆರಾದ ಪರದೆಯಲ್ಲಿ ಕಾಯುವ ಕೆಲಸ. ಕಣ್ಣು ಪರದೆಯ ಮೇಲಿದ್ದರೂ ಮನಸ್ಸು ಹಳೇ ಮೇಸ್ತ್ರಿಯ ಕಾಲಕ್ಕೇ ಓಡುತ್ತಿತ್ತು.

ಬೈಯುವುದರಲ್ಲಿ ಆತ ಎತ್ತಿದ ಕೈ. ಆದರೆ ಒಳಗೆ ಕಾಲಿಡುವ ಮೊದಲು ಬಾಗಿಲಾಚೆ ನಿಂತು ಒಮ್ಮೆ ಜೋರಾಗಿ ಕೆಮ್ಮುತ್ತಿದ್ದ. ಅಷ್ಟರಲ್ಲಿ ತೂಕಡಿಸುವವರು ಎದ್ದು ಕೂರುತ್ತಿದ್ದರು, ಹರಟೆ ಹೊಡೆಯುವವರು ಸೂಜಿಗೆ ದಾರ ಪೋಣಿಸುತ್ತಿದ್ದರು.

"ಕೆಮ್ಮಿಗೆ ಔಷಧಿ ತಗೊಳ್ಳಿ ಮೇಸ್ತ್ರಿ," ಎಂದು ಅಕ್ಕ ಒಮ್ಮೆ ಕನಿಕರದಿಂದ ಹೇಳಿದ್ದಳು.

"ನಂಗೆ ವಾಸಿಯಾದ್ರೆ ನಿಮ್ಮ ಗತಿ ಏನೇ, ಪೆದ್ದಿ?" ಎಂದಿದ್ದ.

ಈ ಹಾಳು ಕ್ಯಾಮೆರಾಕ್ಕೆ ಗಂಟಲೇ ಇಲ್ಲ.

ಪರದೆಯ ಮೂಲೆಯಲ್ಲಿ ಹೊಸ ಹುಡುಗಿಯೊಬ್ಬಳು ಯಂತ್ರದ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಮನೆಯಲ್ಲಿ ಎಳೆಗೂಸು ಇರುವವಳು. ನಿಯಮದ ಪ್ರಕಾರ ಮಾಲೀಕರಿಗೆ ಹೇಳಬೇಕು. ಅಕ್ಕ ಮೈಕನ್ನು ಹತ್ತಿರಕ್ಕೆಳೆದು, ಗಂಟಲು ಕಿತ್ತುಹೋಗುವಂತೆ ಕೆಮ್ಮಿದಳು. ಹುಡುಗಿ ದಡಬಡಿಸಿ ಎದ್ದು ಕೂತಳು.

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ತನ್ನ ನೆತ್ತಿಯ ಮೇಲೂ ಒಂದು ಕ್ಯಾಮೆರಾ ಇರುವುದು ಆಮೇಲೆ ನೆನಪಾಯಿತು. ಅದು ಕೆಮ್ಮಿರಲಿಲ್ಲ.