ಅಗಲ ಸ್ಕೀಯ ಗೆರೆ

ಬಿದ್ದವರನ್ನು ಎತ್ತುವುದು ನನ್ನ ಕೆಲಸ. ವ್ಯಾಂಕೂವರಿನ ಹಣವಂತರು ನಮ್ಮ ಸೆಲ್ಕರ್ಕ್ ಬೆಟ್ಟದ ಹಿಟ್ಟಿನಂಥ ಹಿಮದಲ್ಲಿ ಇಳಿಯುವಾಗ ಮುಂದೊಬ್ಬ ದಾರಿ ತೋರಿಸುತ್ತಾನೆ, ಕಟ್ಟಕಡೆಗೆ ನಾನು. ತಲೆಕೆಳಗಾಗಿ ಹೂತ ವಕೀಲರನ್ನು, ದಂತವೈದ್ಯರನ್ನು ಅಗೆದು ತೆಗೆದು, ಕಾಲಿನಿಂದ ಕಳಚಿದ ಸ್ಕೀ ಹಲಗೆ ಹುಡುಕಿಕೊಟ್ಟು, ‘ಚೆನ್ನಾಗಿ ಬಿದ್ರಿ’ ಅಂತ ನಗಿಸಿ ಕಳಿಸಬೇಕು. ಈ ಕೆಲಸಕ್ಕೆ ನಮ್ಮಲ್ಲಿ ‘ಬಾಲ’ ಅಂತ ಹೆಸರು.

ನನ್ನ ಸ್ಕೀಗಳು ಕಿರಿದು. ಅವುಗಳ ಮೇಲೆ ಮುಳುಗದೆ ಇಳಿಯುವುದನ್ನು ಕಲಿಯುವಷ್ಟರಲ್ಲಿ ನನ್ನ ಯೌವನ, ಎರಡೂ ಮಂಡಿ ಖರ್ಚಾದವು. ಇನ್ನೊಂದು ಬಾಲವಾಗಿ ಬ್ರೋಡಿ ಬಂದದ್ದು ಹೋದ ಚಳಿಗಾಲ, ಆಗಷ್ಟೇ ಪೇಟೆಗೆ ಬಂದಿದ್ದ ಅಗಲ ಸ್ಕೀ ಹೆಗಲಿಗೇರಿಸಿಕೊಂಡು. ಅವನ ತಿರುವು ಒರಟು, ಭಾರವೆಲ್ಲ ಹಿಮ್ಮಡಿಯ ಮೇಲೆ. ಆದರೂ ಹಿಮದ ಮೇಲೆ ತೇಲುತ್ತಿದ್ದ. ನಾನು ಬಿದ್ದು ಬಿದ್ದು ಗಳಿಸಿದ್ದನ್ನು ಅವನು ಅಂಗಡಿಯಿಂದ ತಂದಿದ್ದ.

‘ಬರೋ ಚಳಿಗಾಲಕ್ಕೆ ಒಂದೇ ಬಾಲ ಸಾಕು,’ ಅಂದ ಮಾಲೀಕ ಲಾರ್ನ್. ‘ಇವತ್ತು ಕೊನೇ ಸಲ ಇಳಿದಾಗ ನಿಮ್ಮ ಗೆರೆ ನೋಡ್ತೀನಿ. ಯಾರು ಅಂತ ಆಗಲೇ ಹೇಳ್ತೀನಿ.’

ಲಾರ್ನ್ ಇಳಿಯುವವರನ್ನು ನೋಡುವುದಿಲ್ಲ. ಕೆಳಗೆ, ನಮ್ಮನ್ನು ಬೆಟ್ಟ ಹತ್ತಿಸುವ ಹಿಮಗಾಡಿಯೊಳಗೆ ಬೆಚ್ಚಗೆ ಕೂತಿದ್ದು, ಆಮೇಲೆ ಹೊರಬಂದು ಇಳಿಜಾರಿನ ಮೇಲೆ ಸ್ಕೀ ಬಿಟ್ಟುಹೋದ ಗೆರೆ ಓದುತ್ತಾನೆ. ಇಲ್ಲಿ ಗೆರೆಯೇ ಸಹಿ.

ಗುಂಪು ಇಳಿದುಹೋಯಿತು. ಮೇಲೆ ನಾವಿಬ್ಬರೇ.

‘ಬಾಗಿಲು ಕಿತ್ಕೊಂಡು ಬಂದಿದೀಯಲ್ಲ, ಮನೇಲಿ ಚಳಿ ಆಗಲ್ವಾ?’ ಎಂದೆ.

‘ನೀನು ಹೆಣಿಗೆ ಕಡ್ಡಿ ಮೇಲೆ ಬಂದಿದೀಯಲ್ಲಜ್ಜಿ, ಸ್ವೆಟರೆಲ್ಲಿ?’

‘ಅದನ್ನ ಕಳಚಿಟ್ರೆ ನೀನು ಯಾರೋ?’

ಅವನ ನಗು ನಿಂತಿತು. ‘ಕಳಚ್ತೀನಿ. ನಿಂದು ಕೊಡು. ಬೂಟು ಇಬ್ರದ್ದೂ ಒಂದೇ ಅಳತೆ.’

ನಾನು ಕಾಯುತ್ತಿದ್ದದ್ದೇ ಅದಕ್ಕೆ. ಅವನು ಬೀಳಬೇಕು, ನಾನು ನೋಡಬೇಕು. ಕೆಳಗಿರುವ ಲಾರ್ನ್‌ಗೆ ಕಾಣುವುದು ಗೆರೆ ಮಾತ್ರ ಎಂಬುದು ಆ ಹೊಟ್ಟೆಕಿಚ್ಚಿನಲ್ಲಿ ಹೊಳೆಯಲೇ ಇಲ್ಲ.

ಸ್ಕೀ ಬದಲಾಯಿಸಿಕೊಂಡು ಮೊದಲು ಅವನು ಹೊರಟ. ಎರಡು ಸಲ ಬಿದ್ದ, ಕುತ್ತಿಗೆವರೆಗೂ ಹೂತ. ಬಿದ್ದವರನ್ನು ಎತ್ತುವವಳು ನಾನು, ಎತ್ತಲು ಹೋಗಲಿಲ್ಲ. ಅವನೇ ಈಜಿಕೊಂಡು ಎದ್ದ.

ಆಮೇಲೆ ನಾನು ಹೊರಟೆ. ಹಿಮ ನನ್ನನ್ನು ಅಂಗೈ ಮೇಲೆ ಎತ್ತಿಕೊಂಡಿತು. ಮಂಡಿ ನೋಯಲಿಲ್ಲ. ಸುಖವಾಗಿತ್ತು, ಅದಕ್ಕೇ ಕಣ್ಣು ಉರಿಯಿತು. ಈ ಸುಖವನ್ನು ಅವನು ಏನೂ ತೆರದೆ ಉಣ್ಣುತ್ತಿದ್ದ.

ಕೆಳಗೆ ಸ್ಕೀ ಕಳಚಿ ಗಾಡಿಯ ಹಿಂದೆ ಸಿಕ್ಕಿಸಿದೆವು. ಲಾರ್ನ್ ಕಾಫಿ ಲೋಟ ಹಿಡಿದು ಹೊರಬಂದು ಮೇಲೆ ನೋಡಿದ.

‘ಆ ಅಗಲದ ಗೆರೆ ನೋಡ್ರಪ್ಪಾ, ದಾರ ಬಿಟ್ಟಂಗಿದೆ. ಬ್ರೋಡಿ, ಕೆಲಸ ನಿಂದು. ಫೆನ್ಯಾ, ನಿನ್ನ ಗೆರೇಲಿ ಎರಡು ಗುಂಡಿ. ವಯಸ್ಸಾಯ್ತು, ಬೇಜಾರು ಮಾಡ್ಕೋಬೇಡ.’

ಬ್ರೋಡಿ ಬೂಟಿನ ಹಿಮ ಕೆರೆಯುತ್ತ ನಿಂತ.

‘ಅಗಲದ ಗೆರೆ ನಂದು,’ ಎಂದೆ. ‘ಸ್ಕೀ ಬದಲಾಯಿಸ್ಕೊಂಡಿದ್ವಿ. ಕೇಳು ಅವನನ್ನ.’

ಬ್ರೋಡಿ ಹೇಳಿದ: ‘ಹೌದು. ಗುಂಡಿ ನಂದು.’

ಲಾರ್ನ್ ಗೆರೆ ನೋಡಿದ, ಸ್ಕೀ ನೋಡಿದ, ನಕ್ಕ.

‘ಅಂದ್ರೆ ಮಂಡಿ ಹೋದ ನಿನ್ನನ್ನೂ ಈ ಅಗಲ ಸ್ಕೀ ಹಿಂಗೆ ಇಳಿಸುತ್ತೆ. ಇದಿಲ್ದೆ ಇವನೂ ಬೀಳ್ತಾನೆ. ಹಾಗಾದ್ರೆ ಬಂದೋರಿಗೆಲ್ಲ ಇದನ್ನೇ ಬಾಡಿಗೆಗೆ ಕೊಡ್ತೀನಿ. ಬೀಳೋರೇ ಇಲ್ಲ ಅಂದ್ಮೇಲೆ ಎತ್ತೋರು ಯಾಕೆ?’

‘ನಾನು ಎರಡರ ಮೇಲೂ ಇಳೀತೀನಿ, ಲಾರ್ನ್. ಅದು ಕಲಿತದ್ದು. ಮರದ ಬುಡದ ಹಿಮದಲ್ಲಿ ಒಬ್ಬ ಹೂತ್ಹೋದ್ರೆ ನಿನ್ನ ಸ್ಕೀ ಬಂದು ಅಗೆಯುತ್ತಾ?’

‘ಅದನ್ನ ಆಮೇಲೆ ನೋಡೋಣ.’

ಮಾಲೀಕರ ‘ಆಮೇಲೆ’ಗಳ ಕೆಳಗೆ ಎಷ್ಟು ಜನ ಹೂತಿದ್ದಾರೋ.

ಗಾಡಿಯಲ್ಲಿ ಬ್ರೋಡಿ ನನ್ನ ಪಕ್ಕವೇ ಕೂತ. ಫ್ಲಾಸ್ಕಿನಿಂದ ಬೀಟ್‌ರೂಟ್ ಸಾರು ಮುಚ್ಚಳಕ್ಕೆ ಸುರಿದು ಕೊಟ್ಟೆ.

‘ನೀನು ಸ್ಕೀ ಬದಲಾಯಿಸಿಲ್ಲ ಅಂದಿದ್ರೆ ಕೆಲಸ ನಿಂದೇ,’ ಎಂದೆ.

‘ನೀನು ಬಾಯಿ ಮುಚ್ಕೊಂಡಿದ್ರೂ ನಂದೇ,’ ಅಂದ.

ಇಬ್ಬರೂ ಸೇರಿ ಲಾರ್ನನನ್ನು ದಾರಿಯುದ್ದಕ್ಕೂ ಬೈದೆವು. ಆದರೆ ಗಾಡಿ ಕುಲುಕಿದಾಗಲೆಲ್ಲ ಹಿಂದೆ ಆ ಅಗಲದ ಜೋಡಿ ಸದ್ದು ಮಾಡುತ್ತಿತ್ತು. ನನ್ನ ಕಿವಿ ಅತ್ತಲೇ. ಗಾಡಿಯಿಂದ ಇಳಿದಾಗ ಅವನು ಅದನ್ನು ಹೆಗಲಿಗೇರಿಸಿಕೊಂಡು ಹೊರಟ. ಕೊಡು ಅಂತ ನಾನು ಬಾಯಿಬಿಟ್ಟು ಕೇಳಲಿಲ್ಲ, ಅಷ್ಟೇ.